ತಲಬಾಗಿಲ ಹಿತ್ತಾಳೆ: ಗೆರೆ ಉಳಿಸಿಕೊಂಡು ಹೊಳಪು ತರುವ ಕೆಲಸ

ತುಮಕೂರು ಚಿಕ್ಕಪೇಟೆಯ ಹಳೆಯ ತೊಟ್ಟಿಮನೆಯೊಂದರ ತಲಬಾಗಿಲಿನಿಂದ ಬಿಚ್ಚಿದ ಸಾಮಾನಿದು. ಕಮಲದ ಎರಕದ ತಟ್ಟೆಯಿರುವ ಬಳೆಹಿಡಿ ಎರಡು, ತಟ್ಟೆಯ ಅಗಲ 110 ಮಿಮೀ. ಗುಮ್ಮಟದಾಕಾರದ ಗುಬುಟು 25, ಒಂದೊಂದೂ 38 ಮಿಮೀ ಅಗಲ, 10 ಮಿಮೀ ಎತ್ತರ. ಇನ್ನು ಮೂರು ಕಾಣೆಯಾಗಿವೆ. ಒಂದು ಅಗುಳಿ. ಬಳ್ಳಿ ಉಬ್ಬಿಸಿದ 40 ಮಿಮೀ ಅಗಲದ ತಗಡಿನ ಪಟ್ಟಿ ಎರಡು, ಅದರಲ್ಲಿ ಒಂದರ ತುದಿ ಸುಮಾರು 150 ಮಿಮೀ ಉದ್ದಕ್ಕೆ ಹರಿದುಹೋಗಿದೆ. ಬಾಗಿಲಿಗೆ ಬಣ್ಣ ಹೊಡೆದಾಗಲೆಲ್ಲ ಹಿತ್ತಾಳೆಗೂ ಎನಾಮೆಲ್ ಬಳಿದಿದ್ದರಿಂದ ಎಲ್ಲವೂ ಹಲವು ಪದರ ಬಣ್ಣದಡಿ ಮುಚ್ಚಿದ್ದವು. ಅದರಿಂದ ಒಂದು ಉಪಕಾರವೂ ಆಗಿದೆ: ವರ್ಷವರ್ಷ ಬೂದಿ ಹಾಕಿ ಉಜ್ಜುವ ಕೈಗೆ ಸಿಗದೆ ಕಮಲದ ಎಸಳಿನ ನರಗಳು ಚೂಪಾಗಿ ಉಳಿದಿವೆ.

ಇಡೀ ಕೆಲಸಕ್ಕೆ ಇದೇ ಅಳತೆಗೋಲು. ಹೊಳಪು ಯಾವಾಗ ಬೇಕಾದರೂ ಬರುತ್ತದೆ, ಸವೆದ ಗೆರೆ ವಾಪಸು ಬರುವುದಿಲ್ಲ. ಗುಳಿಬಿದ್ದ ಜಾಗವನ್ನು ಸಮ ಮಾಡಲು ಸುತ್ತಲಿನ ಕೆತ್ತನೆಯನ್ನು ತಿನ್ನಿಸಬೇಕಾದರೆ ಗುಳಿಯನ್ನೇ ಬಿಡಿ.

ಬಿಚ್ಚುವ ಮೊದಲು

ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಅದು ಹಿತ್ತಾಳೆ ಲೇಪಿಸಿದ ಕಬ್ಬಿಣ. ಪಾಲಿಶ್ ಚಕ್ರಕ್ಕೆ ಕೊಟ್ಟರೆ ಲೇಪ ಹೋಗಿ ಬೂದುಬಣ್ಣ ಕಾಣುತ್ತದೆ. ಅಂಟದಿದ್ದರೂ ಹಿಂಬದಿಯಲ್ಲಿ ಅರದಿಂದ ಒಂದು ಗೆರೆ ಎಳೆದು ನೋಡಿ. ಒಳಗೆ ಬೆಳ್ಳಗಿದ್ದರೆ ಸತುವಿನ ಮಿಶ್ರಲೋಹದ ಅಚ್ಚು, ಅದನ್ನು ಆಮ್ಲಕ್ಕೆ ಹಾಕಲೇಬಾರದು. ಇಲ್ಲಿ ಎಲ್ಲವೂ ಅಪ್ಪಟ ಹಿತ್ತಾಳೆ, ಮೊಳೆಗಳು ಮಾತ್ರ ಕಬ್ಬಿಣ.

ಬಿಚ್ಚುವ ಮುಂಚೆ ಬಾಗಿಲಿನ ಫೋಟೊ ತೆಗೆದು, ಪ್ರತಿ ಗುಬುಟಿನ ಹಿಂದೆ ಸಂಖ್ಯೆ ಒತ್ತಿ. ಕೈಯಲ್ಲಿ ತಟ್ಟಿದ ಗುಬುಟುಗಳು ಒಂದರಂತೆ ಒಂದಿರುವುದಿಲ್ಲ. ಅದಲುಬದಲಾದರೆ ಮರದ ಮೇಲಿನ ಹಳೆಯ ಗುರುತಿನ ವೃತ್ತ ಹೊರಗೆ ಇಣುಕುತ್ತದೆ. ತುಕ್ಕು ಹಿಡಿದ ತಿರುಪಿನ ತಲೆಗೆ 60 ವಾಟ್ ಬೆಸುಗೆ ಕಡ್ಡಿಯನ್ನು ಎರಡು ನಿಮಿಷ ಒತ್ತಿಹಿಡಿದು, ಆರಿದ ಮೇಲೆ ತಿರುಗಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಸ್ಕ್ರೂಡ್ರೈವರ್ ತುದಿ ಸೀಳನ್ನು ಪೂರ್ತಿ ತುಂಬುವಂತಿರಲಿ. ಜಾರಿದರೆ ಗೀರು ಬೀಳುವುದು ತಟ್ಟೆಯ ಮೇಲೆ.

ಬಣ್ಣ ತೆಗೆಯುವುದು

ಹಳೆಯ ಎನಾಮೆಲ್‌ನಲ್ಲಿ ಸೀಸ ಇರುವ ಸಂಭವ ಇದೆ. ಆದ್ದರಿಂದ ಒಣ ಉಜ್ಜುಕಾಗದ, ಗ್ರೈಂಡರ್ ತಂತಿ ಬ್ರಷ್ ಎರಡೂ ಬೇಡ. ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. 5 ಲೀಟರ್ ನೀರಿಗೆ 200 ಗ್ರಾಂ ವಾಷಿಂಗ್ ಸೋಡಾ ಹಾಕಿ, ಕುದಿಯಲು ಇನ್ನೇನು ಬರಬೇಕು ಅನ್ನುವ ಬಿಸಿಯಲ್ಲಿ 30ರಿಂದ 40 ನಿಮಿಷ ಇಡಿ. ಪಾತ್ರೆ ಸ್ಟೀಲಿನದೇ ಆಗಬೇಕು, ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿನ್ನುತ್ತದೆ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಬಣ್ಣ ಸುಕ್ಕುಗಟ್ಟಿ ಚರ್ಮದ ಹಾಗೆ ಏಳುತ್ತದೆ. ಎಸಳಿನ ಸಂದಿಯಲ್ಲಿ ಉಳಿದದ್ದನ್ನು ಚೂಪು ಮಾಡಿದ ಬಿದಿರ ಕಡ್ಡಿಯಿಂದಲೋ ತೆಂಗಿನ ಚಿಪ್ಪಿನ ಚೂರಿನಿಂದಲೋ ಕೆರೆಯಿರಿ. ತಿಪಟೂರಿನ ನಾಡಿನಲ್ಲಿ ಚಿಪ್ಪಿಗೆ ಬರವಿಲ್ಲ, ಅದು ಬಣ್ಣವನ್ನು ಎಬ್ಬಿಸುವಷ್ಟು ಗಟ್ಟಿ, ಹಿತ್ತಾಳೆಗೆ ಗೀರು ಹಾಕದಷ್ಟು ಮೆತ್ತಗೆ. ಸೂಜಿ, ಬ್ಲೇಡು ಬೇಡ.

ಬಣ್ಣ ಅಲ್ಲ, ಪಾರದರ್ಶಕ ಲ್ಯಾಕರ್ ಇದ್ದರೆ ಮೊದಲು ಅಸಿಟೋನ್ ಒರೆಸಿ ನೋಡಿ. ಅಂಟಂಟಾದರೆ ಅಸಿಟೋನಿನಲ್ಲೇ ಹೋಗುತ್ತದೆ.

ಕಪ್ಪು ತೆಗೆಯುವುದು, ಮತ್ತು ಗುಲಾಬಿ ಬಣ್ಣದ ತೊಂದರೆ

ಹಿತ್ತಾಳೆಯ ಕಪ್ಪು ಬಹುಪಾಲು ತಾಮ್ರದ ಆಕ್ಸೈಡು. ಹುಣಸೆಯ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸುತ್ತದೆ, ಮನೆಮನೆಯಲ್ಲೂ ಗೊತ್ತಿರುವ ಮದ್ದು. ತುಮಕೂರು, ಚಿಂತಾಮಣಿ ಎರಡೂ ಹುಣಸೆ ಮಂಡಿಗೆ ಹೆಸರಾದ ಊರುಗಳು, ಹಣ್ಣಿಗೆ ಯೋಚಿಸಬೇಕಿಲ್ಲ. 100 ಗ್ರಾಂ ಹಳೇ ಹುಣಸೆಯನ್ನು ಅರ್ಧ ಲೀಟರ್ ಬಿಸಿನೀರಿನಲ್ಲಿ ಕಿವುಚಿ, ನಾರು ಬೀಜ ಸೋಸಿ ಬಳಸಿ. ಆದರೆ ಉಪ್ಪು ಸೇರಿಸಬೇಡಿ. ಉಪ್ಪು ಹಾಕಿದರೆ ಬೇಗ ಬೆಳ್ಳಗಾಗುವುದು ನಿಜ, ಆದರೆ ಕ್ಲೋರೈಡು ಗುಳಿಗಳೊಳಗೆ ಕೂತು ವಾರ ಕಳೆದ ಮೇಲೆ ಹಸಿರು ಚುಕ್ಕೆಯಾಗಿ ಹೊರಬರುತ್ತದೆ. ಲ್ಯಾಕರ್ ಹೊಡೆದ ಮೇಲೆ ಹೀಗಾದರೆ ಎಲ್ಲವನ್ನೂ ಮೊದಲಿಂದ ಮಾಡಬೇಕು.

ಇಲ್ಲಿ 30 ಸಾಮಾನನ್ನೂ ಒಂದೇ ಹದದಲ್ಲಿ ತರಬೇಕಾದ್ದರಿಂದ ಸಿಟ್ರಿಕ್ ಆಮ್ಲ ಅನುಕೂಲ: ಲೀಟರಿಗೆ 50 ಗ್ರಾಂ, 45ರಿಂದ 50 ಡಿಗ್ರಿ, 5ರಿಂದ 8 ನಿಮಿಷ. ಹೊರಗೆ ತೆಗೆದು ಮೆತ್ತನೆ ಹಿತ್ತಾಳೆ ತಂತಿ ಬ್ರಷ್‌ನಿಂದ ತಿಕ್ಕಿ, ಸಾಲದಿದ್ದರೆ ಮತ್ತೆ ಅದ್ದಿ. ಒಂದೇ ಸಲ ರಾತ್ರಿಯಿಡೀ ನೆನೆಹಾಕುವುದು ತಪ್ಪು. ಆಮ್ಲ ಸತುವನ್ನು ಮೊದಲು ಕರಗಿಸಿ ತಾಮ್ರವನ್ನು ಮೇಲ್ಮೈಯಲ್ಲಿ ಬಿಡುತ್ತದೆ, ಆಗ ಹಿತ್ತಾಳೆ ಗುಲಾಬಿಯಾಗಿ ಕಾಣುತ್ತದೆ. ಕಬ್ಬಿಣದ ಮೊಳೆಯೊಂದು ಬಟ್ಟಲಲ್ಲಿ ಉಳಿದರೂ ಇದೇ ಗತಿ: ದ್ರವದಲ್ಲಿ ಕರಗಿದ ತಾಮ್ರ ಹೊರಬಂದು ಸಾಮಾನಿನ ಮೇಲೆ ಕೂರುತ್ತದೆ. ಆದ್ದರಿಂದ ಕಬ್ಬಿಣದ ಇಕ್ಕಳ ಬೇಡ, ಬಿದಿರಿನದೋ ಪ್ಲಾಸ್ಟಿಕ್ಕಿನದೋ ಸಾಕು.

ಗುಲಾಬಿಯಾದರೆ ಉಜ್ಜಿ ತೆಗೆಯಲು ಹೋಗಬೇಡಿ. ಅರ್ಧ ಲೀಟರ್ ಹೊಸ ಸಿಟ್ರಿಕ್ ದ್ರಾವಣಕ್ಕೆ ಮೆಡಿಕಲ್ ಅಂಗಡಿಯ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 100 ಮಿಲಿ ಬೆರೆಸಿ ಒಂದರಿಂದ ಮೂರು ನಿಮಿಷ ಅದ್ದಿದರೆ ಮೇಲಿನ ತಾಮ್ರ ಕರಗಿ ಹಳದಿ ವಾಪಸು ಬರುತ್ತದೆ. ಈ ಮಿಶ್ರಣವನ್ನು ಬಾಟಲಿಗೆ ಮುಚ್ಚಳ ಹಾಕಿ ಇಡಬಾರದು, ಅನಿಲ ತುಂಬಿ ಒಡೆಯುತ್ತದೆ. ಬಳಸಿದ ಆಮ್ಲಕ್ಕೆಲ್ಲ ಸೋಡಾ ಹಾಕಿ ನೊರೆ ನಿಲ್ಲುವವರೆಗೆ ಕಾಯಿರಿ. ತಳದಲ್ಲಿ ಕೂರುವ ಹಸಿರು ಗಸಿಯಲ್ಲಿ ತಾಮ್ರ ಇದೆ. ಅದನ್ನು ಚರಂಡಿಗೂ ತೆಂಗಿನ ಬುಡಕ್ಕೂ ಸುರಿಯಬೇಡಿ, ಒಣಗಿಸಿ ಡಬ್ಬಿಯಲ್ಲಿ ಬೇರೆ ಇಡಿ.

ಬಿರುಕು ಬಿಟ್ಟ ಗುಬುಟು

ಬಣ್ಣ ಹೋದ ಮೇಲೆ ನಾಲ್ಕು ಗುಬುಟುಗಳ ಅಂಚಿನಲ್ಲಿ ಕೂದಲಷ್ಟು ಸಣ್ಣ ಬಿರುಕು ಕಂಡವು. ಇದು ಪೆಟ್ಟಿನ ಬಿರುಕಲ್ಲ. ತಣ್ಣಗೆ ತಟ್ಟಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ಅದಕ್ಕೆ ತೇವ ಮತ್ತು ಅಮೋನಿಯಾ ಸೋಕಿದರೆ ಹರಳುಗಳ ಅಂಚುಗುಂಟ ತಾನಾಗಿ ಸೀಳುತ್ತದೆ. ಬ್ರಿಟಿಷರ ಕಾಲದ ಭಾರತದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳ ಬಳಿ ಇಟ್ಟ ಹಿತ್ತಾಳೆ ತೋಟಾಗಳು ಹೀಗೆ ಸೀಳಿದ್ದು ಲೋಹಶಾಸ್ತ್ರದಲ್ಲಿ ಹೆಸರಾದ ಉದಾಹರಣೆ. ಬಾಗಿಲ ಪಕ್ಕದಲ್ಲೇ ದನ ಕಟ್ಟುತ್ತಿದ್ದ ಮನೆಗಳಲ್ಲಿ ಗಂಜಲದ ಅಮೋನಿಯಾ ಸದಾ ಇರುತ್ತಿತ್ತು. ಈಗ ಅದನ್ನು ಕೊಡುವುದು ಅಮೋನಿಯಾ ಬೆರೆಸಿದ ಬಾಟಲಿ ಪಾಲಿಶ್. ಎರಕದ ದಪ್ಪ ಸಾಮಾನಿಗೆ ಅದರಿಂದ ದೊಡ್ಡ ಹಾನಿಯಿಲ್ಲ. ತಟ್ಟಿದ ತೆಳು ತಗಡಿಗೆ ಬೇಡವೇ ಬೇಡ.

ಬಿರುಕಿನ ಕೊನೆಗೆ 1 ಮಿಮೀ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಒಳಮೈಯಿಂದ ತವರದ ಬೆಸುಗೆ ತುಂಬಿ. ಹೊರಗಿನಿಂದ ಬೂದುಬಣ್ಣದ ಎಳೆಯೊಂದು ಕಾಣುತ್ತದೆ, ಕಾಣಲಿ.

ಮೂರು ಹೊಸ ಗುಬುಟು

ಹಿತ್ತಾಳೆ ತಗಡು ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಸಿಗುತ್ತದೆ: 18 ಗೇಜ್ 1.2 ಮಿಮೀ, 20 ಗೇಜ್ 0.9, 22 ಗೇಜ್ 0.7. ಗುಬುಟಿಗೆ 20 ಗೇಜ್, ಬಳ್ಳಿ ಪಟ್ಟಿಗೆ 22. ಒಂದಡಿ ಚದರದ 20 ಗೇಜ್ ತಗಡು ಸುಮಾರು 700 ಗ್ರಾಂ ತೂಗುತ್ತದೆ. ತಾಮ್ರ 70, ಸತು 30ರ ಹಿತ್ತಾಳೆ ತಟ್ಟಲು ಎಲ್ಲಕ್ಕಿಂತ ಚೆನ್ನ. ತಾಮ್ರ 63, ಸತು 37ರದು ಹೆಚ್ಚಾಗಿ ಸಿಗುವುದು, ಅದೂ ನಡೆಯುತ್ತದೆ, ಮೆದು ಮಾಡುವುದು ಮಾತ್ರ ಹೆಚ್ಚು ಸಲ ಆಗಬೇಕು. ಲೇತ್‌ಗೆಂದು ಮಾರುವ ಸೀಸ ಬೆರೆತ ಹಿತ್ತಾಳೆ ಸುತ್ತಿಗೆಗೆ ಒಡೆಯುತ್ತದೆ.

ಬಿಲ್ಲೆಯ ಅಳತೆ ಅಂದಾಜಿನಲ್ಲಿ ಬೇಡ. ಗುಬುಟಿನ ಅರ್ಧ ಅಗಲ 19, ಎತ್ತರ 10. ಎರಡರ ವರ್ಗ ಕೂಡಿದರೆ 361 ಮತ್ತು 100, ಒಟ್ಟು 461. ಅದರ ವರ್ಗಮೂಲ 21.5. ಅಂದರೆ 43 ಮಿಮೀ ಅಗಲದ ಬಿಲ್ಲೆ. ಅಂಚು ಅರ ಹಾಕಲು 1 ಮಿಮೀ ಸೇರಿಸಿ 44ಕ್ಕೆ ಕತ್ತರಿಸಿ.

ಮೆದು ಮಾಡಲು ಬೆಳಕು ಕಡಿಮೆಯಿರುವ ಮೂಲೆ ಬೇಕು. ನೆರಳಿನಲ್ಲಿ ಮಂದ ಕೆಂಪು ಕಂಡ ಕೂಡಲೇ ಉರಿ ತೆಗೆಯಿರಿ. ಬಿಸಿಲಿನಲ್ಲಿ ಮಾಡಿದರೆ ಕೆಂಪು ಕಾಣುವಷ್ಟರಲ್ಲಿ ಬಿಸಿ ಮೀರಿರುತ್ತದೆ, ಹರಳು ದೊಡ್ಡದಾಗಿ ತಗಡು ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ಕೆಂಪು ಆರಿದ ಮೇಲಷ್ಟೆ ನೀರಿಗೆ ಹಾಕಿ. ಹಲಸಿನ ಅಥವಾ ಹುಣಸೆ ಮರದ ತುಂಡಿನಲ್ಲಿ ಕೊರೆದ 45 ಮಿಮೀ ಬಟ್ಟಲಿನ ಮೇಲೆ ಬಿಲ್ಲೆ ಇಟ್ಟು, ಗುಂಡುತಲೆ ಸುತ್ತಿಗೆಯಿಂದ ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ತಟ್ಟುತ್ತ ಬನ್ನಿ. ನಡುವಿನಿಂದ ಶುರು ಮಾಡಿದರೆ ಅಲ್ಲಿ ತೆಳುವಾಗಿ, ಅಂಚು ಸುಕ್ಕುಗಟ್ಟುತ್ತದೆ. ಸುಕ್ಕು ಕಂಡ ಕೂಡಲೇ ಮರದ ಸುತ್ತಿಗೆಯಿಂದ ಒತ್ತಿ ಸರಿಮಾಡಿ; ಮಡಿಕೆ ಬಿದ್ದರೆ ಆ ಬಿಲ್ಲೆ ಹೋಯಿತು. ಸುತ್ತಿಗೆಯ ಸದ್ದು ಮೊಂಡಿನಿಂದ ಕಿಣಿಕಿಣಿಗೆ ತಿರುಗಿದರೆ ಮತ್ತೆ ಮೆದು ಮಾಡುವ ಹೊತ್ತು. 20 ಗೇಜ್‌ನಲ್ಲಿ ಈ ಆಳಕ್ಕೆ ಎರಡು ಸಲ ಸಾಕಾಗುತ್ತದೆ. ಕೊನೆಯ ಸುತ್ತು ಉಕ್ಕಿನ ಗುಂಡಿನ ಮೇಲಿಟ್ಟು ಹೊಳಪಿನ ಸುತ್ತಿಗೆಯಿಂದ, ಹಗುರವಾಗಿ.

ಮುಂದಿನ ಎರಡು ಹೆಜ್ಜೆಗಳ ಕ್ರಮ ಮುಖ್ಯ. ಮೊದಲು 260 ಡಿಗ್ರಿಯಲ್ಲಿ ಒಂದು ಗಂಟೆ ಓವನ್‌ನಲ್ಲಿಡಿ. ಗಡಸುತನ ಹಾಗೇ ಉಳಿದು ಒಳಬಿಗಿತ ಮಾತ್ರ ಇಳಿಯುತ್ತದೆ. ಮೇಲೆ ಹೇಳಿದ ಬಿರುಕಿಗೆ ಇದೇ ತಡೆ. ಆಮೇಲೆ ಎಂ4 (4 ಮಿಮೀ ದಪ್ಪದ) ಹಿತ್ತಾಳೆ ಬೋಲ್ಟಿನ ತಲೆಯನ್ನು ಅರದಿಂದ ತುಸು ಉಬ್ಬಿಸಿ, ಗುಬುಟಿನ ಒಳನೆತ್ತಿಗೆ ತವರದ ಬೆಸುಗೆ ಹಾಕಿ. ತಿರುವುಮುರುವಾದರೆ ಓವನ್‌ನಲ್ಲೇ ಬೆಸುಗೆ ಕರಗಿ ಬೋಲ್ಟು ಕಳಚುತ್ತದೆ. ಬೆಳ್ಳಿ ಬೆಸುಗೆ ಗಟ್ಟಿ ಎಂದು ಅದನ್ನು ಆರಿಸಬೇಡಿ: 650 ಡಿಗ್ರಿ ದಾಟಿದ ಬಿಸಿಗೆ ಗುಬುಟು ಪೂರ್ತಿ ಮೆತ್ತಗಾಗಿ, ಬೆರಳು ಒತ್ತಿದರೂ ತಗ್ಗಾಗುತ್ತದೆ.

ಬಳ್ಳಿಯ ತುಂಡು

ಉಬ್ಬು ಕೆಲಸಕ್ಕೆ ತಗಡಿನಡಿ ಮೆತ್ತಗೂ ಗಟ್ಟಿಗೂ ನಡುವಿನ ಹಾಸು ಬೇಕು. ರಾಳ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. 500 ಗ್ರಾಂ ರಾಳವನ್ನು ಸಣ್ಣ ಉರಿಯಲ್ಲಿ ಕರಗಿಸಿ, 500 ಗ್ರಾಂ ಇಟ್ಟಿಗೆ ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಕೊನೆಗೆ 40 ಮಿಲಿ ಹರಳೆಣ್ಣೆ ಸೇರಿಸಿ. ಮಾಲೂರಿನ ಇಟ್ಟಿಗೆ ಪುಡಿ ಮಾಡಲು ಚೆನ್ನಾಗಿ ಬರುತ್ತದೆ. ಪುಡಿಯಲ್ಲಿ ತೇವವಿದ್ದರೆ ರಾಳ ಉಕ್ಕಿ ಬೆಂಕಿ ಹಿಡಿಯುತ್ತದೆ, ಮೊದಲು ಬಾಣಲೆಯಲ್ಲಿ ಹುರಿದುಕೊಳ್ಳಿ. ಹದ ಹವೆಗೆ ತಕ್ಕಂತೆ ಬದಲಾಗಬೇಕು: ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಇದೇ ಮಿಶ್ರಣ ಚಟಚಟ ಒಡೆಯುತ್ತದೆ, 20 ಮಿಲಿ ಎಣ್ಣೆ ಹೆಚ್ಚು ಬೇಕು, ಏಪ್ರಿಲ್‌ನಲ್ಲಿ ಅದೇ ಎಣ್ಣೆಯಿಂದ ಕೆಸರಾಗುತ್ತದೆ, ಆಗ ಪುಡಿ ಸೇರಿಸಿ. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಒತ್ತಿದರೆ ಬೀಳಬಾರದು.

ಉಳಿಗಳನ್ನು 6 ಮಿಮೀ ಸಿಲ್ವರ್ ಸ್ಟೀಲ್ (ಬೆಳ್ಳಿಯಿಲ್ಲದ, ಉಪಕರಣ ಮಾಡುವ ಉಕ್ಕು) ಕಂಬಿಯಿಂದ 110 ಮಿಮೀ ಉದ್ದಕ್ಕೆ ಮಾಡಿಕೊಳ್ಳಬಹುದು. ಒಂದು ಗೆರೆ ಉಳಿ, ಎರಡು ಉಬ್ಬಿಸುವ ಉಳಿ, ಒಂದು ಚಪ್ಪಟೆ, ಇಷ್ಟು ಸಾಕು. ಅಯಸ್ಕಾಂತ ಅಂಟುವುದು ನಿಂತ ಕೆಂಪಿನಲ್ಲಿ ಎಣ್ಣೆಗೆ ಅದ್ದಿ, ಉಜ್ಜಿ ಬೆಳ್ಳಗೆ ಮಾಡಿ, ಹುಲ್ಲಿನ ಹಳದಿ ಗಾಢವಾಗುವವರೆಗೆ ಮತ್ತೆ ಕಾಯಿಸಿ. ಗೆರೆ ಉಳಿಯ ಬಾಯಿ ಹರಿತವಾಗಿರಬಾರದು. ಅದು ಒತ್ತಬೇಕು, ಕತ್ತರಿಸಬಾರದು.

ಉಳಿದ ಪಟ್ಟಿಯಿಂದ ಪೆನ್ಸಿಲ್ ಉಜ್ಜಿ ಕಾಗದಕ್ಕೆ ಬಳ್ಳಿಯನ್ನು ಇಳಿಸಿಕೊಂಡು, ಹೊಸ ತಗಡಿಗೆ ಅಂಟಿಸಿ, ಗೆರೆಯ ಮೇಲೆ ಉಳಿ ನಡೆಸುವುದು ಮೊದಲ ಸುತ್ತು. ಉಳಿಯನ್ನು ಎತ್ತಿ ಎತ್ತಿ ಇಡದೆ, ತುಸು ಹಿಂದಕ್ಕೆ ವಾಲಿಸಿ ಸಣ್ಣ ಪೆಟ್ಟಿನಲ್ಲಿ ಜಾರಿಸಿಕೊಂಡು ಹೋದರೆ ಗೆರೆ ಒಡೆಯದೆ ಬರುತ್ತದೆ. ತಗಡನ್ನು ಬಿಸಿ ಮಾಡಿ ರಾಳದಿಂದ ಎಬ್ಬಿಸಿ, ಅಂಟಿದ್ದನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಆಮೇಲೆ ಮೆದು ಮಾಡಿ. ಒರೆಸದೆ ಉರಿಗೆ ಹಿಡಿದರೆ ರಾಳ ಸುಟ್ಟು ಇದ್ದಿಲಾಗಿ ಗೆರೆಯಲ್ಲೇ ಗಟ್ಟಿಯಾಗುತ್ತದೆ. ಎರಡನೆಯ ಸುತ್ತು ಹಿಂಬದಿಯಿಂದ: ಎಲೆ, ಮೊಗ್ಗುಗಳನ್ನು ಉಬ್ಬಿಸುವುದು. ಮೂರನೆಯದು ಮತ್ತೆ ಮುಂಬದಿಯಿಂದ: ಉಬ್ಬಿದ್ದರ ಹೊಟ್ಟೆಯಲ್ಲಿ ರಾಳ ತುಂಬಿ, ಸುತ್ತಲಿನ ನೆಲವನ್ನು ಚಪ್ಪಟೆ ಉಳಿಯಿಂದ ಇಳಿಸಿ, ನರಗಳನ್ನು ಮತ್ತೆ ಎಳೆಯುವುದು. 0.7 ಮಿಮೀ ತಗಡಿನಲ್ಲಿ 3 ಮಿಮೀಗಿಂತ ಹೆಚ್ಚು ಎಬ್ಬಿಸಲು ಹೋದರೆ ಮೊಗ್ಗಿನ ಬುಡದಲ್ಲಿ ಹರಿಯುತ್ತದೆ. ಹಳೆಯ ಪಟ್ಟಿಯದೂ ಅಷ್ಟೇ ಎತ್ತರ. ಫೆರಿಕ್ ಕ್ಲೋರೈಡಿನಲ್ಲಿ ಕೊರೆದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ತಳ ಸಮತಟ್ಟಾಗಿ, ಅಚ್ಚು ಹಾಕಿದ ಹಾಗೆ ನಿರ್ಜೀವ. ಇಂಥ ಬಾಗಿಲಿಗೆ ಅದು ಹೊಂದುವುದಿಲ್ಲ.

ಬಳೆಯ ಅಡ್ಡಮೊಳೆ

ಬಳೆ ತೂಗುವ 6 ಮಿಮೀ ತೂತು ಸವೆದು ಮೊಟ್ಟೆಯಾಕಾರವಾಗಿ 7.5 ಆಗಿತ್ತು. ಬೆಸುಗೆ ತುಂಬುವ ಯೋಚನೆ ಬೇಡ. ಹಳೆಯ ಎರಕದಲ್ಲಿ ಸೀಸ ಇರುತ್ತದೆ. ಕೆಂಪು ಬಿಸಿಯಲ್ಲಿ ಅದು ಬೆವರಿ, ಎರಕ ಅಲ್ಲೇ ಬಿರಿಯಬಹುದು. ತೂತನ್ನು 8 ಮಿಮೀಗೆ ಕೊರೆದು 8 ಮಿಮೀ ಹಿತ್ತಾಳೆ ಕಂಬಿಯ ಹೊಸ ಮೊಳೆ ಹಾಕಿದರೆ ಮುಗಿಯಿತು. ಹಿತ್ತಾಳೆಯಲ್ಲಿ ಡ್ರಿಲ್ ಬಿಟ್ ಕಚ್ಚಿಕೊಂಡು ಸಾಮಾನನ್ನೇ ತಿರುಗಿಸುವ ಅಪಾಯ ಇದೆ. ಬಿಟ್ಟಿನ ಎರಡೂ ಬಾಯಿಗೆ ಎಣ್ಣೆಕಲ್ಲಿನಿಂದ ನೇರಕ್ಕೆ ಒಂದೆರಡು ಸಲ ಉಜ್ಜಿ ಅದರ ಕೊಕ್ಕೆ ಮುರಿದರೆ ಕಚ್ಚುವುದಿಲ್ಲ. ಸಾಮಾನನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ.

ಪಾಲಿಶ್

ಗುಬುಟು ಮತ್ತು ಅಗುಳಿ ನುಣುಪು ಮೈಯವು, ಚಕ್ರಕ್ಕೆ ಕೊಡಬಹುದು. 400, 600, 1000 ಸಂಖ್ಯೆಯ ನೀರುಕಾಗದ, ಪ್ರತಿ ಸಂಖ್ಯೆಗೂ ದಿಕ್ಕನ್ನು ಅಡ್ಡಕ್ಕೆ ಬದಲಿಸಿ. ಹಿಂದಿನ ಗೀರು ಪೂರ್ತಿ ಹೋಗದೆ ಮುಂದಿನ ಕಾಗದಕ್ಕೆ ಹೋದರೆ ಕೊನೆಯಲ್ಲಿ ಹೊಳಪಿನ ಒಳಗೆ ಆ ಗೀರುಗಳೇ ಎದ್ದು ಕಾಣುತ್ತವೆ. ಆಮೇಲೆ 6 ಇಂಚಿನ ಹೊಲಿದ ಬಟ್ಟೆಚಕ್ರ, ನಿಮಿಷಕ್ಕೆ 2880 ಸುತ್ತಿನ ಮೋಟರು, ಚಕ್ರಕ್ಕೆ ಹಚ್ಚಲು ಕಂದು ಟ್ರಿಪೋಲಿ ಮಸಾಲೆ. ಸೋಪುನೀರಿನಲ್ಲಿ ತೊಳೆದು, ಹೊಲಿಗೆಯಿಲ್ಲದ ಇನ್ನೊಂದು ಚಕ್ರದಲ್ಲಿ ಬಿಳಿ ಅಲ್ಯೂಮಿನಾ ಮಸಾಲೆ. ಕೆಂಪು ರೂಜ್ ಕೂಡ ನಡೆಯುತ್ತದೆ, ಆದರೆ ಸಂದಿಗೆ ಹೊಕ್ಕ ಕೆಂಪು ಸುಲಭಕ್ಕೆ ಬಿಡದು. ಎರಡು ಮಸಾಲೆಗೆ ಒಂದೇ ಚಕ್ರ ಬೇಡ.

ಸಾಮಾನನ್ನು ಚಕ್ರದ ನಡುಗೆರೆಗಿಂತ ಕೆಳಗೆ, ಅಂಚು ಕೆಳಮುಖವಾಗಿ ಹಿಡಿಯಿರಿ. ಮೇಲಂಚು ಚಕ್ರಕ್ಕೆ ಸಿಕ್ಕರೆ ಗುಬುಟು ಗುಂಡಿನಂತೆ ಹಾರುತ್ತದೆ. ಅದಕ್ಕೇ ಗುಬುಟನ್ನು ಮರದ ಹಿಡಿಗೆ ಎಂ4 ನಟ್ಟಿನಿಂದ ಬಿಗಿದುಕೊಳ್ಳುವುದು. ಕೈಗವಸು, ಸಡಿಲ ತೋಳು ಬೇಡ. ಕನ್ನಡಕ ಬೇಕೇ ಬೇಕು. ಒಂದೇ ದಿಕ್ಕಿನಲ್ಲಿ ಹಿಡಿದರೆ ಪ್ರತಿ ಗುಳಿಯ ಹಿಂದೆಯೂ ಬಾಲದಂಥ ಗೆರೆ ಏಳುತ್ತದೆ, ಆದ್ದರಿಂದ ತಿರುಗಿಸುತ್ತಲೇ ಇರಿ.

ಕಮಲದ ತಟ್ಟೆ ಮತ್ತು ಬಳ್ಳಿ ಚಕ್ರದ ಹತ್ತಿರ ಹೋಗಲೇಬಾರದು. ಬಟ್ಟೆಚಕ್ರ ಉಬ್ಬಿದ್ದನ್ನು ತಿಂದು ತಗ್ಗನ್ನು ಬಿಡುತ್ತದೆ. ಬಿಳಿ ಅಲ್ಯೂಮಿನಾ ಮಸಾಲೆಯನ್ನು ಸೀಮೆಎಣ್ಣೆಯಲ್ಲಿ ಕಲಸಿ ಹಂದಿಕೂದಲಿನ ಬ್ರಷ್‌ನಿಂದ ಎಸಳಿನ ಗುಂಟ ಉಜ್ಜಿ, ಉಬ್ಬಿದ ನೆತ್ತಿಗೆ ಮಾತ್ರ ಬೆರಳಿಗೆ ಸುತ್ತಿದ ಹತ್ತಿಬಟ್ಟೆ. ತಗ್ಗಿನ ಕಂದನ್ನು ಹಾಗೇ ಬಿಟ್ಟರೆ ಕೆತ್ತನೆ ಎದ್ದು ನಿಲ್ಲುತ್ತದೆ. ಹೊಸ ಬಳ್ಳಿಯ ತುಂಡು ಪಕ್ಕದಲ್ಲಿ ನಿಂಬೆ ಹಳದಿಯಾಗಿ ಬೇರೆ ಕಾಣುವುದರಿಂದ, ಅಂಗಡಿಯ ಫೆರಿಕ್ ಕ್ಲೋರೈಡ್ ದ್ರಾವಣದ ಒಂದು ಪಾಲಿಗೆ 20 ಪಾಲು ನೀರು ಬೆರೆಸಿ ಕೆಲವು ಸೆಕೆಂಡ್ ಅದ್ದಿ ಕಂದು ತರಿಸಿ, ಸೋಡಾ ನೀರಿನಲ್ಲಿ ತೊಳೆದು, ನೆತ್ತಿಯನ್ನಷ್ಟೆ ಉಜ್ಜಿ. ಮೊದಲು ಕತ್ತರಿಸಿ ಉಳಿದ ಚೂರಿನ ಮೇಲೆ ಪರೀಕ್ಷಿಸಿ.

ತೊಳೆಯುವ ನೀರು

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಬೋರ್‌ವೆಲ್ ನೀರು ಗಡಸು. ಪಾಲಿಶ್ ಆದ ಮೇಲೆ ಅದರಲ್ಲಿ ತೊಳೆದು ಹಾಗೇ ಬಿಟ್ಟರೆ ಹನಿ ಒಣಗಿದಲ್ಲೆಲ್ಲ ಬಿಳಿ ಉಂಗುರ, ಎರಡು ದಿನಕ್ಕೆ ಅದರ ಅಂಚಿನಲ್ಲಿ ಕಂದು. ಲ್ಯಾಕರ್ ಹೊಡೆದರೆ ಉಂಗುರ ಒಳಗೇ ಸಿಕ್ಕಿಬೀಳುತ್ತದೆ. ಕೊನೆಯ ಎರಡು ತೊಳೆತಕ್ಕೆ ಬ್ಯಾಟರಿ ನೀರು, ಇಲ್ಲವೇ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿ. ಬಿಸಿ ಮಾಡಿ ಅದ್ದಿದರೆ ಸಾಮಾನು ತನ್ನ ಬಿಸಿಗೇ ಒಣಗುತ್ತದೆ. ಕೆತ್ತನೆಯ ಸಂದಿಗೆ ಬೆಚ್ಚಗಿನ ಗರಗಸದ ಪುಡಿಯಲ್ಲಿ ಹೊರಳಿಸುವುದು ಹಳೆಯ, ಈಗಲೂ ಒಳ್ಳೆಯ ಉಪಾಯ. ಪುಡಿ ಅಂಟಿಲ್ಲದ ಮರದ್ದಾಗಿರಲಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆವರಿನ ಬೆರಳಚ್ಚು ಮೊದಲು ಕಾಣದಿದ್ದರೂ ವಾರದಲ್ಲಿ ಕಂದಾಗಿ ಮೂಡುತ್ತದೆ.

ಲ್ಯಾಕರ್ ಯಾವುದಕ್ಕೆ, ಮೇಣ ಯಾವುದಕ್ಕೆ

ಕೈ ತಾಗದ ಗುಬುಟು, ತಟ್ಟೆ, ಬಳ್ಳಿಗೆ ಲ್ಯಾಕರ್. ದಿನಾ ಹಿಡಿಯುವ ಬಳೆಗೆ, ಉಜ್ಜಾಡುವ ಅಗುಳಿಗೆ ಮೇಣ. ಹಿಡಿಕೆಗೆ ಲ್ಯಾಕರ್ ಹೊಡೆದರೆ ಸವೆದ ಜಾಗದ ಅಂಚಿನಿಂದ ಗಾಳಿ ಒಳನುಗ್ಗಿ, ಭೂಪಟದ ಹಾಗೆ ಕಪ್ಪು ಹರಡುತ್ತದೆ. ಸರಿಪಡಿಸಲು ಪೂರ್ತಿ ಕಿತ್ತು ಹೊಡೆಯದೆ ದಾರಿಯಿಲ್ಲ.

ಲ್ಯಾಕರ್‌ಗೆ ಮುಂಚೆ 500 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ 10 ಗ್ರಾಂ ಬೆಂಜೊಟ್ರಯಜೋಲ್ ಕರಗಿಸಿ ಹತ್ತು ನಿಮಿಷ ಅದ್ದಿ ಒರೆಸಿದರೆ, ಪದರದಡಿ ತಾಮ್ರ ಕಪ್ಪಾಗುವುದು ಬಹಳ ನಿಧಾನವಾಗುತ್ತದೆ. ಗವಸು ಹಾಕಿಯೇ ಮಾಡಿ. ಆಮೇಲೆ ಸಾಮಾನನ್ನು 40 ಡಿಗ್ರಿಗೆ ಬೆಚ್ಚಗೆ ಮಾಡಿ, ಅಕ್ರಿಲಿಕ್ ಸ್ಪ್ರೇಯನ್ನು 20ರಿಂದ 25 ಸೆಂಮೀ ದೂರದಿಂದ ಮೂರು ತೆಳು ಪದರ, ನಡುವೆ ಹತ್ತು ನಿಮಿಷ ಬಿಡುವು. ದಪ್ಪಗೆ ಒಂದೇ ಪದರ ಹೊಡೆದರೆ ಎಸಳಿನ ಬುಡದಲ್ಲಿ ಕೆರೆ ಕಟ್ಟುತ್ತದೆ. ಮೋಡ ಕವಿದ ತೇವದ ದಿನ ಬಿಟ್ಟುಬಿಡಿ. ದ್ರಾವಕ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ತೇವ ಇಳಿದು ಲ್ಯಾಕರ್ ಹಾಲಿನ ಬಿಳುಪಾಗುತ್ತದೆ, ನೈಟ್ರೊಸೆಲ್ಯುಲೋಸ್ ಲ್ಯಾಕರ್‌ನಲ್ಲಿ ಇನ್ನೂ ಹೆಚ್ಚು.

ಮೇಣಕ್ಕೆ ಮೈಕ್ರೋಕ್ರಿಸ್ಟಲೈನ್ ಮೇಣ, ಸಿಗದಿದ್ದರೆ ಉಜ್ಜುಪುಡಿ ಇಲ್ಲದ ಕಾರ್ನೂಬಾ ಕಾರ್ ಮೇಣ. ಜೇನುಮೇಣ ಬೇಸಿಗೆಯಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ, ಅದರಲ್ಲಿರುವ ಆಮ್ಲದಿಂದ ಹಸಿರೂ ಬರುತ್ತದೆ.

ಮತ್ತೆ ಬಾಗಿಲಿಗೆ

ಕಬ್ಬಿಣದ ಮೊಳೆಗೆ ವಾಪಸು ಹೋಗಬೇಡಿ. ಹಿತ್ತಾಳೆಗೆ ತಾಗಿದ ಕಬ್ಬಿಣ ತೇವದಲ್ಲಿ ಬೇಗ ತುಕ್ಕಾಗುತ್ತದೆ, ಮರದ ಟ್ಯಾನಿನ್ ಜತೆ ಸೇರಿ ಸುತ್ತ ಕಪ್ಪು ಕಲೆಯನ್ನೂ ಮಾಡುತ್ತದೆ. ತಟ್ಟೆ, ಪಟ್ಟಿಗಳಿಗೆ 8 ನಂಬರಿನ 25 ಮಿಮೀ ಹಿತ್ತಾಳೆ ತಿರುಪು. ಗಟ್ಟಿ ಮರದಲ್ಲಿ 3 ಮಿಮೀ ತೂತು ಕೊರೆದು, ಅದೇ ಅಳತೆಯ ಉಕ್ಕಿನ ತಿರುಪನ್ನು ಒಮ್ಮೆ ಹಾಕಿ ತೆಗೆದು ಮರದಲ್ಲಿ ತಿರುಪಿನ ಜಾಡು ಮಾಡಿಕೊಳ್ಳಿ. ಆಮೇಲೆ ಮೇಣ ಸವರಿದ ಹಿತ್ತಾಳೆ ತಿರುಪು. ನೇರವಾಗಿ ಹಾಕಿದರೆ ಅದರ ಕುತ್ತಿಗೆ ಮುರಿದು ಒಳಗೇ ಉಳಿಯುತ್ತದೆ. ಹೊಸ ಬಳ್ಳಿಯ ಕೂಡುಗೆರೆ ಮೊಗ್ಗಿನಡಿ ಬರುವಂತೆ ಮೊದಲೇ ಅಳೆದುಕೊಂಡರೆ ಬೆಸುಗೆಯೂ ಬೇಕಾಗುವುದಿಲ್ಲ.

ಹೊಸ್ತಿಲಿನ ಹತ್ತಿರದ ಕೊನೆಯ ಸಾಲಿನ ಗುಬುಟುಗಳಿಗೆ ದಿನವೂ ನೀರು, ಅರಿಸಿನ, ಕುಂಕುಮ ತಾಗುತ್ತವೆ. ಅಲ್ಲಿ ಯಾವ ಲ್ಯಾಕರ್ರೂ ಬಾಳಿಕೆ ಬರುವುದಿಲ್ಲ, ಅವಕ್ಕೂ ಮೇಣವೇ ಸರಿ, ಹಬ್ಬಕ್ಕೊಮ್ಮೆ ಒರೆಸಿ ಮತ್ತೆ ಹಚ್ಚಬಹುದು. ಲ್ಯಾಕರ್ ಇರುವ ಸಾಮಾನಿಗೆ ಹುಣಸೆ, ಪುಡಿ ಏನೂ ಬೇಡ. ಒದ್ದೆ ಬಟ್ಟೆ ಸಾಕು. ಬಳೆಯ ಅಡ್ಡಮೊಳೆಗೂ ಅಗುಳಿಯ ಜಾಡಿಗೂ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದು ಹನಿ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಬಿಟ್ಟರೆ ಅದರ ಕೊಬ್ಬಿನಾಮ್ಲ ತಾಮ್ರದ ಜತೆ ಸೇರಿ ಕೆಲವೇ ತಿಂಗಳಲ್ಲಿ ಹಸಿರು ಜಿಡ್ಡು ಕಟ್ಟಿ ಅಗುಳಿ ಬಿಗಿಯುತ್ತದೆ.